ಪಾಸ್ಖ (ಈಸ್ಟರ್) ಹಬ್ಬದ ಊಟ: ರಾತ್ರಿ ಜಾಗರಣೆ ಪೂಜೆ, ಮಧ್ಯಾಹ್ನ 12 ಜನರಿಗೆ ಬಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ಮೂಡುಬಿದಿರೆ ಕಡೆಯ ಕಥೋಲಿಕ ಕುಟುಂಬ. ಈಗ ಬೆಂಗಳೂರಿನಲ್ಲಿದ್ದೇವೆ. ಇಷ್ಟು ವರ್ಷ ಈಸ್ಟರ್‌ಗೆ ಊರಿಗೆ ಹೋಗುತ್ತಿದ್ದೆವು, ಅತ್ತೆಯೇ ಅಡುಗೆ ಮಾಡುತ್ತಿದ್ದರು. ಈ ವರ್ಷ ಅತ್ತೆ ನಮ್ಮ ಜೊತೆಗೇ ಇದ್ದಾರೆ, ಆದರೆ ಅವರಿಗೆ ಜಾಸ್ತಿ ಹೊತ್ತು ಒಲೆ ಮುಂದೆ ನಿಲ್ಲಲು ಆಗುವುದಿಲ್ಲ. ಹಾಗಾಗಿ ಭಾವನ ಮನೆಯವರು, ನಾದಿನಿ ಮನೆಯವರು ಎಲ್ಲರೂ ನಮ್ಮಲ್ಲಿಗೇ ಬರುತ್ತಾರೆ. ಮಕ್ಕಳೂ ಸೇರಿ 12 ಜನ. ನಾದಿನಿ ಹಂದಿ ಮಾಂಸ ತಿನ್ನುವುದಿಲ್ಲ. ಪಕ್ಕದ ಮನೆಯ ಅಜ್ಜಿಯನ್ನೂ ಕರೆದಿದ್ದೇವೆ, ಅವರು ಸಸ್ಯಾಹಾರಿ. ಶನಿವಾರ ರಾತ್ರಿ ಪೂಜೆ ಮುಗಿಸಿ ಬರುವಾಗ ಹನ್ನೆರಡು ದಾಟುತ್ತದೆ. ದುಕ್ರಾ ಮಾಸ್ (ಹಂದಿ ಮಾಂಸದ ಪದಾರ್ಥ), ಸನ್ನ (ಹಬೆಯಲ್ಲಿ ಬೇಯಿಸುವ ಇಡ್ಲಿಯಂಥ ತಿಂಡಿ), ಕೋಳಿ ಸುಕ್ಕ, ಮಟನ್ ಬಿರಿಯಾನಿ, ಪುಡ್ಡಿಂಗ್, ಮಾರ್ಜಿಪಾನ್ ಮೊಟ್ಟೆ ಎಂದು ಪಟ್ಟಿ ಮಾಡಿದ್ದೇನೆ. ಯಾವುದನ್ನು ಯಾವಾಗ ಮಾಡಬೇಕು? ಇನ್ನೊಂದು, ನಾನು ಮಾಡಿದ ಸನ್ನ ಯಾವಾಗಲೂ ಗಟ್ಟಿಯಾಗುತ್ತದೆ. ಶೇಂದಿ ಇಲ್ಲದೆ ಮೆತ್ತಗೆ ಮಾಡಲು ಸಾಧ್ಯವೇ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಬಿರಿಯಾನಿಯನ್ನು ಬಿಟ್ಟುಬಿಡಿ. ಉಳಿದದ್ದೆಲ್ಲ ಆಗುತ್ತದೆ. ಜಾಗರಣೆ ಪೂಜೆಗೆ ನೀವು ಪೂರ್ತಿ ಕೂರಬಹುದು, ಭಾನುವಾರ ಎಲ್ಲರ ಜೊತೆ ಮೇಜಿನ ಮುಂದೆ ಕೂತು ಊಟವನ್ನೂ ಮಾಡಬಹುದು. ಹಬ್ಬದ ದಿನ ಅಡುಗೆ ಮಾಡಿದವರೊಬ್ಬರೇ ನಿಂತುಕೊಂಡು ಬಡಿಸುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ನಲವತ್ತು ದಿನ ಉಪವಾಸ ಹಿಡಿದವರಲ್ಲಿ ಅವರೂ ಒಬ್ಬರು ಅಲ್ವಾ? ಅದಕ್ಕೇ ಪಾಸ್ಖದ ಅಡುಗೆ ಆರಿಸುವಾಗ ನಾನು ಮೊದಲು ಕೇಳುವುದು ಇಷ್ಟೇ: ಇದನ್ನು ಹಿಂದಿನ ದಿನ ಮಾಡಿಟ್ಟರೆ ರುಚಿ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?

ದುಕ್ರಾ ಮಾಸ್ ಹೆಚ್ಚುವ ಜಾತಿಯದು. ಬಿರಿಯಾನಿ ಕಡಿಮೆಯಾಗುವ ಜಾತಿಯದು. ಬಿಸಿ ಇರುವಾಗಲೇ ಬಡಿಸಬೇಕು, ದಮ್ ಹಾಕಿದ ಮೇಲೆ ಬಿಟ್ಟು ಹೋಗುವಂತಿಲ್ಲ, ಅದರ ಜೊತೆ ಸನ್ನವನ್ನು ಯಾರೂ ಸರಿಯಾಗಿ ತಿನ್ನುವುದೂ ಇಲ್ಲ. ಒಂದೇ ಊಟಕ್ಕೆ ಎರಡು ಮುಖ್ಯ ಅನ್ನದ ಐಟಂ ಬೇಡ. ಅನ್ನ ಬೇಕು ಅನ್ನುವವರಿಗೆ ಒಂದು ಪಾವು ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಮಾಡಿಡಿ, ಸಾಕು. ಕೋಳಿ ಸುಕ್ಕದ ಬದಲು ತೆಂಗಿನ ಹಾಲು ಹಾಕಿದ ಕೋಳಿ ರೋಸ್ ಕರಿ ಮಾಡಿ ಎಂದು ನನ್ನ ಸಲಹೆ. ದುಕ್ರಾ ಮಾಸಿನಲ್ಲಿ ರಸ ಗಟ್ಟಿಯಾಗಿರುತ್ತದೆ. ಸನ್ನ ಅದ್ದಿಕೊಳ್ಳಲು ಒಂದು ತೆಳು ಸಾರು ಬೇಕು. ಅದೂ ಅಲ್ಲದೆ ನಾದಿನಿಗೆ ಅದೇ ಮುಖ್ಯ ಪದಾರ್ಥ. ಅವರಿಗೆ ಬರೀ ಒಣ ಸುಕ್ಕ ಇಟ್ಟರೆ ಊಟ ಅರ್ಧವಾದಂತೆ.

ಈಗ ವಾರದ ಲೆಕ್ಕ. ಪಾಸ್ಖ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವ ಭಾನುವಾರ ಬೇಕಾದರೂ ಬರಬಹುದು. ಅಂದರೆ ಯಾವ ವರ್ಷ ನೋಡಿದರೂ ಕಡು ಬೇಸಿಗೆಯೇ. ಈ ಸೆಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಳಗಿನ ಎಲ್ಲ ಸಮಯ ಹೇಳಿದ್ದೇನೆ.

ಬುಧವಾರ ಮಾರ್ಜಿಪಾನ್ ಮಾಡಿ. ಬುಧವಾರವೇ ಅಥವಾ ಗುರುವಾರ ಬೆಳಿಗ್ಗೆ ದುಕ್ರಾ ಮಾಸಿನ ಮಸಾಲೆಯಾದ ಬಫಾತ್ ಪುಡಿ. ಗುರುವಾರ ಸಂಜೆ ಪಾದ ತೊಳೆಯುವ ಪೂಜೆಗೆ ಹೋಗುತ್ತೀರಿ. ಶುಭ ಶುಕ್ರವಾರ ಹಬ್ಬದ ಅಡುಗೆಗೆ ಕೈ ಹಾಕಬೇಡಿ. ಅಂದು ಉಪವಾಸದ ದಿನ. 18 ತುಂಬಿದವರಿಂದ ಹಿಡಿದು 60ಕ್ಕೆ ಕಾಲಿಡುವವರೆಗೆ ಎಲ್ಲರಿಗೂ ಉಪವಾಸ, 14 ತುಂಬಿದವರೆಲ್ಲರಿಗೂ ಮಾಂಸ ವರ್ಜ್ಯ. ಮನೆಯಲ್ಲಿ ಗಂಜಿ, ಒಂದು ಚಟ್ನಿ ಅಥವಾ ಉಪ್ಪಿನಕಾಯಿ ಇದ್ದರೆ ಆಯಿತು. ಮಸಾಲೆ ಹುರಿಯುವ ವಾಸನೆ ಆ ದಿನ ಮನೆಯಲ್ಲಿ ಇರಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನನಗೂ ಅದು ಸರಿ ಅನ್ನಿಸುತ್ತದೆ. ಶನಿವಾರ ಕೆಲಸ ಜಾಸ್ತಿ ಇರುವುದರಿಂದ ಶುಕ್ರವಾರದ ವಿಶ್ರಾಂತಿ ನಿಮ್ಮ ಕೈಕಾಲಿಗೂ ಬೇಕು.

ಬಫಾತ್ ಪುಡಿ ಅಂಗಡಿಯಲ್ಲಿ ಸಿಗುತ್ತದೆ ನಿಜ. ಬೆಂಗಳೂರಿನಲ್ಲಿ ಮಂಗಳೂರು ಸಾಮಾನು ಮಾರುವ ಅಂಗಡಿಗಳೂ ಬೇಕಾದಷ್ಟಿವೆ. ಆದರೂ ಹಬ್ಬಕ್ಕೆ ಮನೆಯಲ್ಲೇ ಮಾಡಿ. ಬ್ಯಾಡಗಿ ಮೆಣಸು 100 ಗ್ರಾಂ, ಕೊತ್ತಂಬರಿ ಬೀಜ 50 ಗ್ರಾಂ, ಜೀರಿಗೆ 20 ಗ್ರಾಂ, ಕಾಳುಮೆಣಸು 20 ಗ್ರಾಂ, ಅರಿಶಿನ 10 ಗ್ರಾಂ. ಸಾಸಿವೆ ಒಂದು ಚಮಚ ಹಾಕುವವರಿದ್ದಾರೆ, ನಾನೂ ಹಾಕುತ್ತೇನೆ. ಇವನ್ನು ಹುರಿಯುವುದಕ್ಕಿಂತ ಬಿಸಿಲಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ಪುಡಿ ಮಾಡುವುದು ನಮ್ಮ ಹಳೆಯ ಕ್ರಮ. ಹಾಗೆ ಮಾಡಿದರೆ ಬಣ್ಣ ಕೆಂಪಾಗಿಯೇ ಉಳಿಯುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಬಿಸಿಲು ಬೀಳುವ ಜಾಗ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸುಮ್ನೆ ಬೆಚ್ಚಗೆ ಮಾಡಿ, ಬಣ್ಣ ಬದಲಾಗುವ ಮೊದಲೇ ಇಳಿಸಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಮಕ್ಕಳು, ವಯಸ್ಸಾದವರು ಇರುವ ಮನೆಗೆ ಅದೇ ಸರಿ. ಗುಂಟೂರು ಮೆಣಸು ಬೆರೆಸಬೇಡಿ. ಖಾರ ಬೇಕಾದವರಿಗೆ ಹಸಿಮೆಣಸು ಹೇಗೂ ಇದೆ. ಈ ಅಳತೆಯಲ್ಲಿ ಸುಮಾರು 200 ಗ್ರಾಂ ಪುಡಿ ಸಿಗುತ್ತದೆ, ಹಬ್ಬ ಮುಗಿದ ಮೇಲೂ ಉಳಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ.

ಶನಿವಾರ ಬೆಳಿಗ್ಗೆ ಬೇಗ ಮಾಂಸಕ್ಕೆ ಹೋಗಿ. ಹಬ್ಬದ ಹಿಂದಿನ ದಿನ ಒಳ್ಳೆಯ ಭಾಗ ಒಂಬತ್ತು ಗಂಟೆಯೊಳಗೆ ಖಾಲಿಯಾಗುತ್ತದೆ. ಅಂಗಡಿಯವರಿಗೆ ಗುರುವಾರವೇ ಫೋನ್ ಮಾಡಿ ಹೇಳಿಟ್ಟರೆ ಇನ್ನೂ ಒಳ್ಳೆಯದು. 12 ಜನರಿಗೆ ಹಂದಿ ಮಾಂಸ 2 ಕೆಜಿ, ಕೋಳಿ 2 ಕೆಜಿ ಸಾಕು. ಎರಡರಲ್ಲೂ ಸ್ವಲ್ಪ ಉಳಿಯುತ್ತದೆ, ಉಳಿಯಲಿ. ಹಂದಿ ಮಾಂಸದಲ್ಲಿ ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ಹೊಟ್ಟೆಯ ಭಾಗವನ್ನು ಅರ್ಧ ತೆಗೆದುಕೊಳ್ಳಿ, ಉಳಿದರ್ಧ ತೊಡೆಯ ಮಾಂಸ. ಬರೀ ಕೆಂಪು ಮಾಂಸ ಕೇಳಿ ತಂದರೆ ದುಕ್ರಾ ಮಾಸ್ ಒಣಗಿ ನಾರಾಗುತ್ತದೆ. ತುಂಡು ಒಂದೂವರೆ ಅಂಗುಲ ಇರಲಿ. ಬೇಯುವಾಗ ಕುಗ್ಗುತ್ತದೆ.

ಮಾಡುವ ಕ್ರಮ ಸುಲಭ, ತಾಳ್ಮೆ ಬೇಕು ಅಷ್ಟೇ. ತೊಳೆದು ನೀರು ಬಸಿದ 2 ಕೆಜಿ ಮಾಂಸವನ್ನು ದಪ್ಪ ತಳದ ಪಾತ್ರೆಗೆ ಹಾಕಿ. ಮಧ್ಯಮ ಗಾತ್ರದ 6 ಈರುಳ್ಳಿಯನ್ನು ದೊಡ್ಡ ಹೋಳು ಮಾಡಿ. ಎರಡು ಅಂಗುಲ ಶುಂಠಿ, 15 ಎಸಳು ಬೆಳ್ಳುಳ್ಳಿ ತೆಳ್ಳಗೆ ಹೆಚ್ಚಿ. ಸೀಳಿದ ಹಸಿಮೆಣಸು 6. ಬಫಾತ್ ಪುಡಿ 6 ದೊಡ್ಡ ಚಮಚ, ಒಂದು ತುಂಡು ಚಕ್ಕೆ, 8 ಲವಂಗ, 2 ಪಲಾವ್ ಎಲೆ, ಉಪ್ಪು, 3 ದೊಡ್ಡ ಚಮಚ ವಿನೆಗರ್. ವಿನೆಗರ್ ಬೇಡ ಅನ್ನುವವರು ನಿಂಬೆ ಗಾತ್ರದ ಹುಣಸೆಹಣ್ಣಿನ ರಸ ಹಾಕಬಹುದು. ಎಲ್ಲವನ್ನೂ ಕೈಯಲ್ಲೇ ಚೆನ್ನಾಗಿ ಕಲಸಿ ಅರ್ಧ ಗಂಟೆ ಬಿಡಿ. ಎಣ್ಣೆ ಒಂದು ಹನಿಯೂ ಬೇಡ, ತೆಂಗಿನಕಾಯಿಯೂ ಬೇಡ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಇಡಿ. ಹತ್ತು ನಿಮಿಷದಲ್ಲಿ ಮಾಂಸವೇ ನೀರು ಬಿಡುತ್ತದೆ, ಆಮೇಲೆ ಕೊಬ್ಬು ಕರಗುತ್ತದೆ. ತಳ ಹಿಡಿಯುವಂತಿದ್ದರೆ ಮಾತ್ರ ಒಂದು ಲೋಟ ಬಿಸಿನೀರು ಹಾಕಿ. ಒಂದರಿಂದ ಒಂದೂಕಾಲು ಗಂಟೆ ಬೇಕು. ಚರ್ಮವನ್ನು ಎರಡು ಬೆರಳಲ್ಲಿ ಒತ್ತಿದರೆ ತುಂಡಾಗಬೇಕು, ಮಾಂಸದ ಒಳಗೆ ಎಲ್ಲೂ ಗುಲಾಬಿ ಬಣ್ಣ ಕಾಣಬಾರದು. ಹಂದಿ ಮಾಂಸವನ್ನು ಅರೆಬೆಂದದ್ದು ತಿನ್ನುವಂತಿಲ್ಲ, ಇದರಲ್ಲಿ ರಾಜಿ ಇಲ್ಲ. ಕುಕ್ಕರಿನಲ್ಲಿ ಮಾಡುವುದಾದರೆ ಎರಡು ಮೂರು ಸೀಟಿ ಹೊಡೆಸಿ, ಆಮೇಲೆ ಮುಚ್ಚಳ ತೆಗೆದು ಕಾಲು ಗಂಟೆ ಕುದಿಸಿ ರಸ ಗಟ್ಟಿ ಮಾಡಿ.

ಉಪ್ಪು, ಹುಳಿ ನೋಡುವ ಹೊತ್ತಿಗೆ ಅತ್ತೆಯನ್ನು ಕರೆಯಿರಿ. ಒಂದು ಕುರ್ಚಿ ಹಾಕಿ ಅಡುಗೆಮನೆಯಲ್ಲೇ ಕೂರಿಸಿ. ನನ್ನ ಅಳತೆಗೂ ಅವರ ಕೈ ಅಳತೆಗೂ ವ್ಯತ್ಯಾಸ ಬಂದರೆ ಅವರದ್ದನ್ನೇ ಕೇಳಿ. ಪ್ರತಿ ಮನೆಯ ಬಫಾತ್ ಬೇರೆ. ನಿಮ್ಮ ಗಂಡನೂ ಭಾವನೂ ನಾದಿನಿಯೂ ಹುಡುಕುವುದು ಅವರಮ್ಮನ ರುಚಿಯನ್ನು. ಆ ರುಚಿ ಈಗ ನಿಮ್ಮ ಕೈಗೆ ಬರಬೇಕು. ಅದಕ್ಕೆ ಅವರು ಪಕ್ಕದಲ್ಲಿ ಕೂತು ‘ಇನ್ನು ಸ್ವಲ್ಪ ಹುಳಿ ಹಾಕು’ ಎಂದು ಹೇಳುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ.

ಮಾಂಸ ಬೆಂದ ಮೇಲೆ ಅದೇ ದೊಡ್ಡ ಪಾತ್ರೆಯಲ್ಲಿ ಸಂಜೆವರೆಗೆ ಒಲೆ ಮೇಲೆ ಬಿಡುವುದು ಎಲ್ಲ ಕಡೆ ಇರುವ ಅಭ್ಯಾಸ. ದಯವಿಟ್ಟು ಬೇಡ. ಆಳದ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಉಗುರು ಬೆಚ್ಚಗೇ ಇರುತ್ತದೆ, ಕ್ರಿಮಿಗಳು ಬೆಳೆಯಲು ಅದೇ ಬಿಸಿ ಬೇಕು. ಎರಡು ಮೂರು ಅಗಲವಾದ ಪಾತ್ರೆಗಳಿಗೆ ಹಂಚಿ, ತಣ್ಣೀರು ತುಂಬಿದ ತಟ್ಟೆಯ ಮೇಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಭಾನುವಾರ ತೆಗೆದಾಗ ಮೇಲೆ ಬಿಳಿ ಕೊಬ್ಬಿನ ಪದರ ಗಟ್ಟಿಯಾಗಿರುತ್ತದೆ. ಅದರಲ್ಲಿ ಮುಕ್ಕಾಲು ಭಾಗವನ್ನು ಚಮಚದಲ್ಲಿ ತೆಗೆದುಬಿಡಿ. ಪರಿಮಳಕ್ಕೆ ಉಳಿದ ಕಾಲು ಭಾಗ ಸಾಕು. ನಲವತ್ತು ದಿನ ಮಾಂಸ ಬಿಟ್ಟಿದ್ದ ಹೊಟ್ಟೆಗೆ ಒಮ್ಮೆಲೇ ಅಷ್ಟು ಕೊಬ್ಬು ಬಿದ್ದರೆ ಸೋಮವಾರ ಎಲ್ಲರೂ ಮಲಗುತ್ತಾರೆ. ಬಡಿಸುವ ಮೊದಲು ಕೊತಕೊತ ಕುದಿಯುವವರೆಗೆ ಬಿಸಿ ಮಾಡಿ. ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಬಿಸಿ ಮಾಡಬೇಡಿ, ಆ ಹೊತ್ತಿಗೆ ಬೇಕಾದಷ್ಟು ಮಾತ್ರ.

ಶನಿವಾರ ದುಕ್ರಾ ಮಾಸ್ ಬೇಯುತ್ತಿರುವಾಗಲೇ ರೋಸ್ ಕರಿಯ ಮಸಾಲೆ ರುಬ್ಬಿಡಬಹುದು. 2 ಕೆಜಿ ಕೋಳಿಗೆ 20 ಬ್ಯಾಡಗಿ ಮೆಣಸು, 3 ದೊಡ್ಡ ಚಮಚ ಕೊತ್ತಂಬರಿ, ಒಂದೂವರೆ ಚಮಚ ಜೀರಿಗೆ, ಒಂದು ಚಮಚ ಕಾಳುಮೆಣಸು, ಕಾಲು ಚಮಚ ಮೆಂತ್ಯ. ಇವನ್ನು ಬೇರೆ ಬೇರೆಯಾಗಿ ಸ್ವಲ್ಪ ತುಪ್ಪದಲ್ಲಿ ಹುರಿಯಿರಿ. ಎರಡು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿಯನ್ನು ಕೆಂಪಗೆ ಬಾಡಿಸಿ, ಅರಿಶಿನ, ಸಣ್ಣ ತುಂಡು ಹುಣಸೆ ಸೇರಿಸಿ ಬೆಣ್ಣೆಯಂತೆ ನುಣ್ಣಗೆ ರುಬ್ಬಿ ಫ್ರಿಜ್‌ನಲ್ಲಿಡಿ. ತೆಂಗಿನ ಹಾಲನ್ನು ಮಾತ್ರ ಮೊದಲೇ ತೆಗೆಯಬೇಡಿ. ಸೆಕೆಗೆ ಅದು ಬೇಗ ಕೆಡುತ್ತದೆ. ಬೇಕಾದರೆ ಕಾಯಿ ತುರಿದು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಭಾನುವಾರದ ಅರ್ಧ ಕೆಲಸ ಉಳಿಯುತ್ತದೆ. ಪುಡ್ಡಿಂಗ್ ಕೂಡ ಶನಿವಾರವೇ ಹಬೆಯಲ್ಲಿ ಬೇಯಿಸಿ ತಣ್ಣಗೆ ಮಾಡಿಡಿ. ನಿಮಗೆ ಅದು ಬರುತ್ತದೆ ಎಂದುಕೊಂಡಿದ್ದೇನೆ, ಅದರ ಬಗ್ಗೆ ಉದ್ದ ಹೇಳುವುದಿಲ್ಲ.

ಇನ್ನು ಸನ್ನ. ನಿಮ್ಮ ನಿಜವಾದ ಪ್ರಶ್ನೆ ಇದೇ ಅನ್ನಿಸುತ್ತದೆ, ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ಶೇಂದಿ ವಿಷಯ. ಊರಲ್ಲಿ ಬೆಳಿಗ್ಗೆ ಇಳಿಸಿದ ಶೇಂದಿಯನ್ನು ಅದೇ ದಿನ ಹಿಟ್ಟಿಗೆ ಹಾಕುತ್ತಾರೆ. ಅದರಲ್ಲಿ ಮರದಿಂದಲೇ ಬಂದ ಈಸ್ಟ್ ಇರುತ್ತದೆ, ಸಕ್ಕರೆಯೂ ಇರುತ್ತದೆ. ಅದಕ್ಕೇ ಸನ್ನ ಅಷ್ಟು ಉಬ್ಬುವುದು, ಅದಕ್ಕೇ ಆ ಸಿಹಿ ಹುಳಿ ಪರಿಮಳ. ಊರಿಂದ ರಾತ್ರಿ ಬಸ್ಸಿನಲ್ಲಿ ಯಾರಾದರೂ ಬಾಟಲಿಯಲ್ಲಿ ತಂದುಕೊಟ್ಟರೆ, ನಿಮ್ಮ ಕೈಗೆ ಸಿಗುವ ಹೊತ್ತಿಗೆ ಅದು ಹುಳಿಯಾಗಿ ವಿನೆಗರ್ ದಾರಿ ಹಿಡಿದಿರುತ್ತದೆ. ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿದರೆ ಒಳಗಿನ ಗಾಳಿಗೆ ಸಿಡಿಯಲೂಬಹುದು. ಹಾಗಾಗಿ ಬೆಂಗಳೂರಿನ ಸನ್ನಕ್ಕೆ ಈಸ್ಟ್ ಸಾಕು. ಎಳನೀರು ಸೇರಿಸಿ ರುಬ್ಬಿದರೆ ಶೇಂದಿಯ ಸಿಹಿ ಸ್ವಲ್ಪ ಮಟ್ಟಿಗೆ ಬರುತ್ತದೆ. ಪಕ್ಕದ ಮನೆಯ ಅಜ್ಜಿಗೂ ಸಂಕೋಚ ಇರುವುದಿಲ್ಲ.

ಸನ್ನ ಗಟ್ಟಿಯಾಗಲು ಕಾರಣ ನಾಲ್ಕೈದು ಇರಬಹುದು, ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಕಂಡದ್ದು ಉದ್ದಿನ ಬೇಳೆಯದ್ದು. ಹಳೆಯ ಬೇಳೆ ಉಬ್ಬುವುದಿಲ್ಲ. ಮಿಕ್ಸಿಯಲ್ಲಿ ಅಕ್ಕಿ ಜೊತೆಗೇ ಹಾಕಿ ರುಬ್ಬಿದರೂ ಉಬ್ಬುವುದಿಲ್ಲ, ಮಿಕ್ಸಿ ಬಿಸಿಯಾದರೂ ಉಬ್ಬುವುದಿಲ್ಲ. ಹೊಸ ಬೇಳೆ ತನ್ನಿ. ಕುಚ್ಚಲಕ್ಕಿ ಅಥವಾ ಇಡ್ಲಿ ಅಕ್ಕಿ ಮುಕ್ಕಾಲು ಕೆಜಿ, ಬೆಳ್ತಿಗೆ ಅಕ್ಕಿ ಕಾಲು ಕೆಜಿ, ಉದ್ದಿನ ಬೇಳೆ 200 ಗ್ರಾಂ. ಬಟ್ಟಲಿನ ಗಾತ್ರ ನೋಡಿಕೊಂಡು 40ರ ಆಸುಪಾಸು ಸನ್ನ ಆಗುತ್ತದೆ. ಬೆಳಗಿನ ತಿಂಡಿಗೂ ಮಧ್ಯಾಹ್ನಕ್ಕೂ ಸೇರಿ ನಿಮ್ಮ ಮನೆಗೆ ಒಂದೂವರೆ ಪಟ್ಟು ಬೇಕಾದೀತು. ಅಕ್ಕಿ, ಬೇಳೆ ಬೇರೆ ಬೇರೆಯಾಗಿ ಶನಿವಾರ ಹನ್ನೊಂದಕ್ಕೆ ನೆನೆಹಾಕಿ. ಸಂಜೆ ಐದಕ್ಕೆ ಮೊದಲು ಬೇಳೆ ರುಬ್ಬಿ, ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾ. ಒಂದು ಹನಿ ಹಿಟ್ಟನ್ನು ನೀರಿನ ಲೋಟಕ್ಕೆ ಬಿಟ್ಟರೆ ತೇಲಬೇಕು. ತೇಲದಿದ್ದರೆ ಇನ್ನೂ ರುಬ್ಬಿ. ಈ ಒಂದು ಪರೀಕ್ಷೆ ಪಾಸಾದರೆ ನಿಮ್ಮ ಸನ್ನದ ಮುಕ್ಕಾಲು ಕಷ್ಟ ಮುಗಿಯಿತು. ಆಮೇಲೆ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಎರಡನ್ನೂ ಕೈಯಲ್ಲಿ ಬೆರೆಸಿ. ಕೈಯಿಂದ ಎತ್ತಿ ಬಿಟ್ಟರೆ ಹಿಟ್ಟು ಮುರಿಯದೆ ಪಟ್ಟಿಯ ಹಾಗೆ ಇಳಿಯಬೇಕು, ಅಷ್ಟು ಹದ. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ.

ಈಸ್ಟನ್ನು ಶನಿವಾರ ಹಾಕಲೇಬೇಡಿ. ಹಾಕಿ ಚರ್ಚಿಗೆ ಹೋದರೆ, ನೀವು ಮೇಣದ ಬತ್ತಿ ಹಿಡಿದು ನಿಂತಿರುವ ಹೊತ್ತಿಗೆ ಹಿಟ್ಟು ಪಾತ್ರೆಯಿಂದ ಹೊರಗೆ ಬಂದಿರುತ್ತದೆ. ಬೆಳಿಗ್ಗೆಗೆ ಕುಸಿದು ಹುಳಿಯಾಗುತ್ತದೆ. ರುಬ್ಬಿದ ಹಿಟ್ಟನ್ನು ಉಪ್ಪು, ಈಸ್ಟ್ ಏನೂ ಹಾಕದೆ ಫ್ರಿಜ್‌ಗೆ ಸೇರಿಸಿ ಹೋಗಿ. ರಾತ್ರಿ ಬಂದ ಮೇಲೆ ಅರ್ಧ ಹಿಟ್ಟನ್ನು ಹೊರಗಿಡಿ, ಅರ್ಧ ಒಳಗೇ ಇರಲಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಎದ್ದು ಅರ್ಧ ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಮುಕ್ಕಾಲು ಚಮಚ ಒಣ ಈಸ್ಟ್ ಹಾಕಿ. ನೀರು ಕೈಗೆ ಬಿಸಿ ಅನ್ನಿಸಿದರೆ ಈಸ್ಟ್ ಸಾಯುತ್ತದೆ. ಹತ್ತು ನಿಮಿಷದಲ್ಲಿ ನೊರೆ ಬರಬೇಕು. ಬರದಿದ್ದರೆ ಆ ಪ್ಯಾಕೆಟ್ ಎಸೆದು ಹೊಸದು ತೆಗೆಯಿರಿ. ಎರಡು ಪ್ಯಾಕೆಟ್ ತಂದಿಟ್ಟುಕೊಳ್ಳಿ, ಹಬ್ಬದ ದಿನ ಅಂಗಡಿಗೆ ಓಡುವುದು ತಪ್ಪುತ್ತದೆ. ಹೊರಗಿಟ್ಟ ಹಿಟ್ಟಿಗೆ ಇದನ್ನು, ಉಪ್ಪನ್ನು, ಇನ್ನೆರಡು ಚಮಚ ಸಕ್ಕರೆಯನ್ನು ಬೆರೆಸಿ ಮುಚ್ಚಿಡಿ. ಸುಮಾರು ಒಂದೂವರೆ ಗಂಟೆಯಲ್ಲಿ ಉಬ್ಬುತ್ತದೆ.

ಉಬ್ಬಿದ ಮೇಲೆ ಸೌಟು ಹಾಕಿ ತಿರುವಬೇಡಿ. ಒಳಗಿನ ಗಾಳಿ ಹೋದರೆ ಸನ್ನ ಮತ್ತೆ ಗಟ್ಟಿಯೇ. ಮೇಲಿಂದ ಮೆತ್ತಗೆ ತೆಗೆದು ಎಣ್ಣೆ ಸವರಿದ ಬಟ್ಟಲುಗಳಿಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುವಷ್ಟು ಹಾಕಿ. ತೊಂದೊರ್ (ಹಬೆಯಲ್ಲಿ ಬೇಯಿಸುವ ಪಾತ್ರೆ) ಇದ್ದರೆ ತುಂಬಾ ಒಳ್ಳೆಯದು, ಇಲ್ಲದಿದ್ದರೆ ದೊಡ್ಡ ಇಡ್ಲಿ ಪಾತ್ರೆ. ನೀರು ಚೆನ್ನಾಗಿ ಕುದಿದು ಹಬೆ ಬಂದ ಮೇಲೆಯೇ ಬಟ್ಟಲು ಇಡಬೇಕು. ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿ, ನೀರು ಹಿಟ್ಟಿನ ಮೇಲೆ ತೊಟ್ಟಿಕ್ಕುವುದಿಲ್ಲ. 12ರಿಂದ 15 ನಿಮಿಷ, ಮಧ್ಯೆ ಮುಚ್ಚಳ ತೆಗೆಯಬೇಡಿ. ಅದಕ್ಕಿಂತ ಜಾಸ್ತಿ ಬೇಯಿಸಿದರೆ ರಬ್ಬರಾಗುತ್ತದೆ. ಐದು ನಿಮಿಷ ಆರಲು ಬಿಟ್ಟು ಬಟ್ಟಲಿನಿಂದ ಬಿಡಿಸಿ, ತೆಳು ಬಟ್ಟೆ ಹಾಸಿದ ಪಾತ್ರೆಯಲ್ಲಿ ಮುಚ್ಚಿಡಿ.

ಮೊದಲ ಸುತ್ತಿನ ಸನ್ನ ಒಂಬತ್ತೂವರೆ ಹೊತ್ತಿಗೆ ಸಿದ್ಧವಾಗುತ್ತದೆ. ಅದೇ ಹಬ್ಬದ ತಿಂಡಿ, ಜೊತೆಗೆ ಬಿಸಿ ಮಾಡಿದ ಸ್ವಲ್ಪ ದುಕ್ರಾ ಮಾಸ್. ಮಕ್ಕಳಿಗೆ ತೆಂಗಿನ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕೊಡಿ. ಸಿಹಿ ಹಾಲಲ್ಲಿ ಅದ್ದಿದ ಬಿಸಿ ಸನ್ನ ತಿಂದ ಮಗು ಆ ದಿನವನ್ನು ಮರೆಯುವುದಿಲ್ಲ. ಉಳಿದರ್ಧ ಹಿಟ್ಟನ್ನು ತಿಂಡಿಗೆ ಕೂರುವ ಮುಂಚೆ, ಎಂಟೂವರೆಗೇ ಫ್ರಿಜ್‌ನಿಂದ ತೆಗೆದಿಡಿ. ತಣ್ಣಗಿನ ಹಿಟ್ಟಿಗೆ ಈಸ್ಟ್ ಹಾಕಿದರೆ ನಿಧಾನ. ಹತ್ತೂವರೆಗೆ ಅದಕ್ಕೂ ಹೀಗೆಯೇ ಈಸ್ಟ್ ಬೆರೆಸಿದರೆ ಹನ್ನೆರಡೂಕಾಲಿಗೆ ಎರಡನೇ ಸುತ್ತು. ಒಂದು ಗಂಟೆಗೆ ಊಟಕ್ಕೆ ಕೂರುವಾಗ ಸನ್ನ ಇನ್ನೂ ಬಿಸಿಯಾಗಿರುತ್ತದೆ.

ಹತ್ತೂವರೆಯಿಂದ ಹನ್ನೊಂದೂವರೆ ಕೋಳಿಯ ಸಮಯ. ಎರಡು ದೊಡ್ಡ ಕಾಯಿಯಿಂದ ಎರಡು ಕಪ್ ಗಟ್ಟಿ ಹಾಲು, ನಾಲ್ಕು ಕಪ್ ತೆಳು ಹಾಲು ತೆಗೆಯಿರಿ. ಅಗಲ ಪಾತ್ರೆಯಲ್ಲಿ ಈರುಳ್ಳಿ ಬಾಡಿಸಿ, ರುಬ್ಬಿಟ್ಟ ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಇಲ್ಲಿ ಒಂದು ನಿಮಿಷ ನಿಲ್ಲಿ. ಕೋಳಿ ಹಾಕುವ ಮೊದಲೇ ಈ ಮಸಾಲೆಯಲ್ಲಿ ಎರಡು ಸೌಟು ತೆಗೆದು ಬೇರೆ ಪಾತ್ರೆಗೆ ಹಾಕಿ. ಅದಕ್ಕೆ ಬೇಯಿಸಿದ ಆಲೂಗಡ್ಡೆ, ಬಟಾಣಿ, ಒಂದಿಷ್ಟು ತೆಂಗಿನ ಹಾಲು ಸೇರಿಸಿದರೆ ಅಜ್ಜಿಯ ಕರಿ ಸಿದ್ಧ. ಅದಕ್ಕೆ ಬೇರೆ ಸೌಟು, ಬೇರೆ ಮುಚ್ಚಳ ಇಡಿ. ಊಟಕ್ಕೆ ಕೂರುವಾಗ ‘ಇದನ್ನು ಕೋಳಿ ಹಾಕುವ ಮುಂಚೆಯೇ ತೆಗೆದಿಟ್ಟದ್ದು’ ಎಂದು ಅವರಿಗೆ ಹೇಳಿ. ಸಸ್ಯಾಹಾರಿಗಳು ನಮ್ಮ ಮನೆಗಳಲ್ಲಿ ಕೇಳಲು ಹಿಂಜರಿಯುತ್ತಾರೆ. ನಾವೇ ಹೇಳಿದರೆ ನಿಶ್ಚಿಂತೆಯಿಂದ ಉಣ್ಣುತ್ತಾರೆ. ಉಳಿದ ಮಸಾಲೆಗೆ ಕೋಳಿ, ಉಪ್ಪು, ತೆಳು ಹಾಲು ಹಾಕಿ ಬೇಯಿಸಿ. ಕೋಳಿ ಬೆಂದ ಮೇಲೆ ಉರಿ ಸಣ್ಣ ಮಾಡಿ ಗಟ್ಟಿ ಹಾಲು ಹಾಕಿ, ಅಂಚಿನಲ್ಲಿ ಗುಳ್ಳೆ ಬರುತ್ತಿದ್ದಂತೆ ಇಳಿಸಿ. ಜೋರಾಗಿ ಕುದಿಸಿದರೆ ಹಾಲು ಒಡೆಯುತ್ತದೆ. ಉಳಿದ ರೋಸ್ ಕರಿಯನ್ನು ಊಟ ಮುಗಿದ ತಕ್ಷಣ ಫ್ರಿಜ್‌ಗೆ ಹಾಕಿ. ವಿನೆಗರ್ ಇರುವ ದುಕ್ರಾ ಮಾಸ್ ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ. ತೆಂಗಿನ ಹಾಲಿನದ್ದನ್ನು ಮರುದಿನ ಮುಗಿಸಬೇಕು.

ನಿಮ್ಮ ಪಟ್ಟಿಯಲ್ಲಿ ತರಕಾರಿಯೇ ಇಲ್ಲ. ಒಂದು ಸೇರಿಸಿ: ತೊಂಡೆಕಾಯಿ ಮತ್ತು ಹಸಿ ಗೇರುಬೀಜದ ಪಲ್ಯ, ನಮ್ಮವರ ತೆಂಡ್ಲಿ ಬಿಬ್ಬೊ. ಪಾಸ್ಖದ ಹೊತ್ತಿಗೆ ಕರಾವಳಿಯಲ್ಲಿ ಗೇರು ಕಾಲ, ಎಳೆಯ ಬೀಜ ಸಿಗುವುದೇ ಈ ಕೆಲವು ವಾರ. ಹಬ್ಬಕ್ಕೆ ಊರಿಂದ ಬರುವವರ ಹತ್ತಿರ ಸುಲಿದ ಬೀಜವನ್ನೇ ತರಿಸಿ. ಸಿಪ್ಪೆಯ ಸೊನೆ ಕೈ ಸುಡುತ್ತದೆ, ಅಭ್ಯಾಸ ಇಲ್ಲದವರು ಸುಲಿಯಲು ಹೋಗಬಾರದು. ಸಿಗದಿದ್ದರೆ ಒಣ ಗೋಡಂಬಿಯನ್ನು ನಾಲ್ಕು ಗಂಟೆ ನೆನೆಸಿ. ಮುಕ್ಕಾಲು ಕೆಜಿ ತೊಂಡೆಕಾಯಿಯನ್ನು ಉದ್ದಕ್ಕೆ ಸೀಳಿ, ಕಾಲು ಕೆಜಿ ಬೀಜ. ಬೀಜವನ್ನು ಕಾಲು ಗಂಟೆ ಬಿಸಿನೀರಲ್ಲಿಟ್ಟರೆ ಒಳಪೊರೆ ಸುಲಭವಾಗಿ ಬಿಡುತ್ತದೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ. ಬೀಜ, ತೊಂಡೆಕಾಯಿ, ಉಪ್ಪು, ಚಿಟಿಕೆ ಬೆಲ್ಲ, ಸ್ವಲ್ಪ ನೀರು. ಮುಚ್ಚಿ ಬೇಯಿಸಿ, ಕೊನೆಗೆ ಕಾಯಿತುರಿ. ಅಜ್ಜಿಗೆ ಇದೇ ಹಬ್ಬದೂಟ, ಮಾಂಸ ತಿನ್ನುವವರೂ ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ಇದರ ಪಕ್ಕದಲ್ಲಿ ಸೌತೆಕಾಯಿ ಈರುಳ್ಳಿ ಸಲಾಡ್ ಇಟ್ಟರೆ ಊಟಕ್ಕೆ ಒಂದು ತಂಪು.

ಮಾರ್ಜಿಪಾನ್ ಬಗ್ಗೆ. ಹಿಂದೆಲ್ಲ ತಪಸ್ಸುಕಾಲದಲ್ಲಿ, ಅಂದರೆ ಪಾಸ್ಖಕ್ಕೆ ಮುಂಚಿನ ಆ ನಲವತ್ತು ದಿನ, ಮೊಟ್ಟೆಯನ್ನೂ ಬಿಡುತ್ತಿದ್ದರು. ಕೋಳಿಗಳು ಇಡುವುದನ್ನು ನಿಲ್ಲಿಸುವುದಿಲ್ಲವಲ್ಲ, ಹಬ್ಬದ ಹೊತ್ತಿಗೆ ಮನೆತುಂಬಾ ಮೊಟ್ಟೆ ಕೂಡಿರುತ್ತಿತ್ತು. ಯುರೋಪಿನಲ್ಲಿ ಈಸ್ಟರ್‌ಗೆ ಮೊಟ್ಟೆ ಹಂಚುವ ರೂಢಿ ಬೆಳೆಯಲು ಅದೂ ಒಂದು ಕಾರಣ. ಅಲ್ಲಿ ಬಾದಾಮಿಯಲ್ಲಿ ಮಾಡುವ ಮಾರ್ಜಿಪಾನನ್ನು ನಮ್ಮವರು ಗೋಡಂಬಿಯಲ್ಲಿ ಮಾಡಿದರು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೊಟ್ಟೆಯ ಬಿಳಿ ಹಾಕುತ್ತಾರೆ. ನೀವು ಈ ಸಲ ಹಾಕಬೇಡಿ. ಪುಡ್ಡಿಂಗ್‌ನಲ್ಲಿ ಮೊಟ್ಟೆ ಇರುವುದರಿಂದ ಅಜ್ಜಿಗೆ ಅದು ಆಗುವುದಿಲ್ಲ, ಈ ಸಿಹಿಯಾದರೂ ಎಲ್ಲರದ್ದೂ ಆಗಲಿ. ಕಾಲು ಕೆಜಿ ಗೋಡಂಬಿಯನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ ಜರಡಿ ಹಿಡಿಯಿರಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಡುತ್ತದೆ. 200 ಗ್ರಾಂ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ ಒಂದೆಳೆ ಪಾಕ ಮಾಡಿ, ಪುಡಿ ಸೇರಿಸಿ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಕೈಯಾಡಿಸಿ. ಒಂದು ಚಮಚ ಗುಲಾಬಿ ನೀರು, ಸ್ವಲ್ಪ ತುಪ್ಪ. ಬಿಸಿ ಇರುವಾಗಲೇ ನಾದಿ, ಅಚ್ಚಿಗೆ ಒತ್ತಿ. ಅಚ್ಚು ಇಲ್ಲದಿದ್ದರೆ ಮಕ್ಕಳ ಕೈಯಲ್ಲೇ ಮೊಟ್ಟೆ ಆಕಾರಕ್ಕೆ ಉರುಳಿಸಲು ಕೊಡಿ. ಒಂದೊಂದು ಮೊಟ್ಟೆಯ ಮೇಲೆ ಐಸಿಂಗ್‌ನಲ್ಲಿ ಒಬ್ಬೊಬ್ಬರ ಹೆಸರು ಬರೆಸಿ, ಊಟದ ಎಲ್ಲರ ತಟ್ಟೆ ಪಕ್ಕ ಇಡಿ. ಅಜ್ಜಿಯ ಹೆಸರೂ ಇರಲಿ.

ಶನಿವಾರ ರಾತ್ರಿ ಚರ್ಚಿನಿಂದ ಬಂದಾಗ ಎಲ್ಲರಿಗೂ ಹಸಿವಾಗಿರುತ್ತದೆ. ಆಗ ದುಕ್ರಾ ಮಾಸ್ ಪಾತ್ರೆ ತೆರೆಯಲು ನಿಮ್ಮ ಗಂಡ ಕೇಳಿಯೇ ಕೇಳುತ್ತಾರೆ. ಒಂದು ಕಪ್ ಚಹಾ, ಒಂದು ತುಂಡು ಕೇಕ್ ಕೊಟ್ಟು ಮಲಗಿಸಿ. ನಡುರಾತ್ರಿ ಕೊಬ್ಬಿನ ಊಟ ಮಾಡಿದರೆ ಬೆಳಿಗ್ಗೆ ಯಾರಿಗೂ ಹಸಿವಿರುವುದಿಲ್ಲ, ನಿಮಗೆ ಪಾತ್ರೆ ತೊಳೆಯುವ ಕೆಲಸ ಬೇರೆ.

ಭಾನುವಾರದ ಕೆಲಸವನ್ನು ಹಂಚಿ. ಭಾವನಿಗೆ ಕಾಯಿ ಹಾಲು ಹಿಂಡುವುದು, ನಾದಿನಿಗೆ ಪಲ್ಯ, ಮಕ್ಕಳಿಗೆ ಸಲಾಡ್ ಮತ್ತು ತಟ್ಟೆ ಜೋಡಿಸುವುದು. ಬಂದವರು ಕೇಳುವವರೆಗೆ ಕಾಯಬೇಡಿ, ಶನಿವಾರವೇ ಫೋನ್ ಮಾಡಿ ಹೇಳಿ. ಪದಾರ್ಥಗಳನ್ನೆಲ್ಲ ಮೇಜಿನ ನಡುವೆ ಇಟ್ಟು, ಅತ್ತೆಯ ಕೈಯಲ್ಲಿ ಊಟದ ಪ್ರಾರ್ಥನೆ ಹೇಳಿಸಿ, ನೀವೂ ಕೂತುಬಿಡಿ. ಬೇಕಾದದ್ದನ್ನು ಅವರವರೇ ಹಾಕಿಕೊಳ್ಳಲಿ.

ಸನ್ನ ಉಳಿದರೆ ಮರುದಿನ ಹೋಳು ಮಾಡಿ, ತೆಗೆದಿಟ್ಟ ಹಂದಿ ಕೊಬ್ಬಿನಲ್ಲಿ ಎರಡೂ ಕಡೆ ಕೆಂಪಗೆ ಕಾಯಿಸಿ. ನಾದಿನಿಗೆ ತುಪ್ಪದಲ್ಲಿ. ಹಸಿ ಹಿಟ್ಟು ಉಳಿದರೆ ಈಸ್ಟ್ ಹಾಕದೆ ಫ್ರಿಜ್‌ನಲ್ಲಿ ಎರಡು ದಿನ ಇಡಬಹುದು, ಅದರಲ್ಲಿ ದೋಸೆ ಚೆನ್ನಾಗಿ ಬರುತ್ತದೆ.